‘ಮಮ್ಮಾ ಮಿಯಾ’ ನಾಟಕದಲ್ಲಿ ಹಾಡು ಶುರುವಾದೊಡನೆ ಪ್ರೇಕ್ಷಕರು ನಗುವುದೇಕೆ? ಜೊತೆಗೆ ಹಾಡುವುದು ಸರಿಯೇ?

ಹಾಡು ಅವರಿಗೆ ಮೊದಲೇ ಗೊತ್ತಿರುವುದೇ ಈ ನಗುವಿಗೆ ಮುಖ್ಯ ಕಾರಣ. 1999ರ ಏಪ್ರಿಲ್‌ನಲ್ಲಿ ಲಂಡನ್ನಿನ ಪ್ರಿನ್ಸ್ ಎಡ್ವರ್ಡ್ ರಂಗಮಂದಿರದಲ್ಲಿ ಆರಂಭವಾದ ಈ ಸಂಗೀತ ನಾಟಕಕ್ಕೆ ಕ್ಯಾಥರೀನ್ ಜಾನ್ಸನ್ ಹೊಸ ಕಥೆ ಬರೆದರಾದರೂ, ಹಾಡುಗಳು ಸ್ವೀಡನ್ನಿನ ಆಬಾ ತಂಡದ ಹಳೆಯ ಜನಪ್ರಿಯ ಗೀತೆಗಳೇ. ಹೀಗಾಗಿ ಕಥೆ ಮುಂದೇನಾಗುತ್ತದೆ ಎಂಬುದಕ್ಕಿಂತ, ಯಾವ ಹಾಡನ್ನು ಯಾವ ನೆಪದಲ್ಲಿ ತರುತ್ತಾರೆ ಎಂಬ ಕುತೂಹಲವೇ ಸಭಿಕರಲ್ಲಿ ಹೆಚ್ಚು. ಮಗಳ ಮದುವೆಯ ಹಿಂದಿನ ದಿನ ಹಳೆಯ ಪ್ರಿಯಕರರು ಮೂವರೂ ಒಟ್ಟಿಗೆ ಎದುರಾಗಿ ಕಂಗೆಟ್ಟ ಕಥಾನಾಯಕಿ ಡೊನಾಳನ್ನು ಗೆಳತಿಯರಿಬ್ಬರು ಸಂತೈಸಲು ಬಾಯಿ ತೆರೆದಾಗ ಹೊರಡುವುದು, ನೊಂದ ಗೆಳತಿಯನ್ನು ಸಂತೈಸುವ ಆಬಾ ಹಾಡು ‘ಚಿಕಿಟೀಟಾ’. ದಶಕಗಳಿಂದ ರೇಡಿಯೋದಲ್ಲಿ ಕೇಳಿದ ಸಾಲು ಆ ಕ್ಷಣಕ್ಕೆಂದೇ ಬರೆದ ಸಂಭಾಷಣೆಯಂತೆ ಕೂಡಿಕೊಂಡದ್ದು ಕಂಡು ಸಭೆ ನಗುತ್ತದೆ. ಕೆಲವೆಡೆ ಈ ಹೊಂದಿಕೆ ತೀರಾ ಎಳೆದು ತಂದಂತಿದೆ, ಆದರೆ ನನ್ನ ದೃಷ್ಟಿಯಲ್ಲಿ ಆ ಎಳೆದಾಟವೂ ತಮಾಷೆಯ ಭಾಗವೇ.

ಜೊತೆಗೆ ಹಾಡಲು ನಾಟಕವೇ ಒಂದು ಜಾಗ ಮೀಸಲಿಟ್ಟಿದೆ. ಕಥೆ ಮುಗಿದ ಮೇಲೆ ಕಲಾವಿದರು ಝಗಮಗಿಸುವ ಉಡುಪಿನಲ್ಲಿ ಮರಳಿ ಬಂದು, ಕಥೆಯೊಳಗೆ ಎಲ್ಲೂ ಬಾರದ ‘ವಾಟರ್‌ಲೂ’ ಸೇರಿದಂತೆ ಕೆಲವು ಹಾಡುಗಳನ್ನು ಹಾಡುತ್ತಾರೆ. ಸಭಿಕರು ಎದ್ದು ಕುಣಿಯುವುದು ಆಗಲೇ. ಅದಕ್ಕೆ ಮೊದಲು ದನಿಗೂಡಿಸಿದರೆ ಪಕ್ಕದವರಿಗೆ ಕಿರಿಕಿರಿ. ವಿಟ್ನಿ ಹ್ಯೂಸ್ಟನ್ ಹಾಡುಗಳಿರುವ ‘ದಿ ಬಾಡಿಗಾರ್ಡ್’ ಸಂಗೀತ ನಾಟಕದ ಪ್ರದರ್ಶನವೊಂದು 2023ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅರ್ಧಕ್ಕೇ ನಿಂತು, ಪೊಲೀಸರು ಬರಬೇಕಾದದ್ದು ಸಭಿಕರ ಇಂಥ ಗಾಯನದಿಂದಲೇ.