ಅಡಿಕೆ ರೇಟು ಏರಿದರೂ ಅಳು

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಲಕ್ವ ಹೊಡೆದ ಮೇಲೆ ಸುಮ್ಮಸುಮ್ಮನೆ ಅಳುತ್ತಾರೆ ಅನ್ನುವ ದೂರು ಹೊತ್ತು ಈ ಮಳೆಗಾಲದಲ್ಲಿ ಬಂದ ಮೂರನೇ ಮನೆ ಇದು, ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಅರವತ್ತು ದಾಟಿದೆ. ಲಕ್ವ ಹೊಡೆದು ಐದು ತಿಂಗಳು. ಬಲಗಾಲು ಸುಮಾರಾಗಿ ಸುಧಾರಿಸಿತ್ತು, ಬಲಗೈ ಇನ್ನೂ ಇಲ್ಲ, ಮಾತು ತೊದಲು. ಮಾತ್ರೆ, ಫಿಸಿಯೋಥೆರಪಿ ಯಾವುದನ್ನೂ ಮನೆಯವರು ತಪ್ಪಿಸಿರಲಿಲ್ಲ. ಕರೆತಂದದ್ದು ಅಳುವಿಗೆ. ನೆಂಟರು ಬಂದರೆ ಅಳು, ಟಿವಿಯಲ್ಲಿ ಮದುವೆ ತೋರಿಸಿದರೆ ಅಳು. "ಅಡಿಕೆ ರೇಟು ಏರಿತು ಅಂದ್ರೂ ಅಳ್ತಾರೆ ಮೇಡಂ" ಅಂದಳು ಸೊಸೆ. ಕೊನೆಗೆ ಯಾರಾದರೂ ಬಂದರೆ ಇವರನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತಿದ್ದರಂತೆ.

ಮೊದಲೆರಡು ಸಲ ನಾನೂ ಎಡವಿದೆ. ತೋಟ ಸುತ್ತುತ್ತಿದ್ದ ಮನುಷ್ಯ, ಈಗ ಸ್ನಾನಕ್ಕೂ ಮಗ ಬೇಕು, ದುಃಖ ಇರದೇ ಇರುತ್ತದಾ ಅಂದುಕೊಂಡು "ಅತ್ತು ಹಗುರಾಗಿ" ಅಂದೆ. ಅತ್ತರು. ಹಗುರಾಗಲಿಲ್ಲ, ಸುಸ್ತಾದರು.

ಮೂರನೇ ಸಲ ಬಂದು ಕೂತ ಕೂಡಲೇ ಶುರುವಾಯಿತು. "ಈಗ ಬೇಜಾರಾಗಿದೆಯಾ?" ಅಂತ ಕೇಳಿದೆ. ಕಣ್ಣೀರು ಗಲ್ಲದಿಂದ ಅಂಗಿಗೆ ಇಳಿಯುತ್ತಿದೆ, ತಲೆ ಮಾತ್ರ ಇಲ್ಲ ಇಲ್ಲ ಅಂತ ಆಡುತ್ತಿದೆ. ಅರ್ಥವಾಗಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಎಡಗೈಯಲ್ಲಿ ತೊಡೆಗೆ ಬಡಿದುಕೊಂಡರು, ನನ್ನ ಮೇಲಿನ ಸಿಟ್ಟಿಗೆ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಹೆಂಡತಿ ಬಾಯಿಬಿಟ್ಟರು: "ಅದು ಬಿಕ್ಕಿ ಬಿಕ್ಕಿ ಅಳೋದಲ್ಲ ಮೇಡಂ, ಬಿಕ್ಕಳಿಕೆ ಥರ. ಬರ್ತದೆ, ಹೋಗ್ತದೆ. ಆಮೇಲೆ ಕಾಫಿ ಕೇಳ್ತಾರೆ."

ಅವರು ಎಡಗೈ ಹೆಂಡತಿ ಕಡೆ ತೋರಿಸಿ, ಕಷ್ಟಪಟ್ಟು, "ಅದೇ" ಅಂದರು.

ಐದು ತಿಂಗಳಿಂದ ಆಕೆಗೆ ಗೊತ್ತಿತ್ತು. ಆಕೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಲಕ್ವದಿಂದ ಮಿದುಳಿನಲ್ಲಿ ಅಳು ನಗುವಿಗೆ ಬ್ರೇಕ್ ಹಾಕುವ ದಾರಿಗೇ ಪೆಟ್ಟು ಬಿದ್ದಿರಬಹುದು. ಆಗ ಸಣ್ಣ ಕಾರಣಕ್ಕೂ, ಕಾರಣ ಇಲ್ಲದೆಯೂ, ಅಳು ನುಗ್ಗುತ್ತದೆ. ಕೆಲವರಿಗೆ ನಗು, ಅದೂ ಸಾವಿನ ಮನೆಯಲ್ಲಿ. ಖಿನ್ನತೆ ಬೇರೆ. ಅದು ನಿಮಿಷದಲ್ಲಿ ಹೋಗುವುದಿಲ್ಲ, ವಾರಗಟ್ಟಲೆ ಕೂರುತ್ತದೆ, ಊಟ ನಿದ್ದೆ ಕೆಡಿಸುತ್ತದೆ, ಯಾವುದೂ ಬೇಡ ಅನ್ನಿಸುತ್ತದೆ. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಬರುತ್ತದೆ, ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ನಾನೇ ತೀರ್ಮಾನ ಮಾಡದೆ ನರರೋಗ ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಈ ಅಳುವನ್ನೂ ತಗ್ಗಿಸುತ್ತವೆ. ಅವರಿಗೂ ಶುರು ಮಾಡಿದರು.

ಮನೆಯವರಿಗೆ ಹೇಳಿದ್ದು ಇಷ್ಟು. ಅಳು ಬಂದಾಗ ಸುತ್ತ ನಿಂತು ಸಮಾಧಾನ ಮಾಡಬೇಡಿ, ಯಾಕೆ ಅಂತ ಕೇಳಬೇಡಿ, ಟವೆಲ್ ಕೊಟ್ಟು ನಿಮ್ಮ ಮಾತು ಮುಂದುವರಿಸಿ. ಬಂದವರಿಗೆ ಬಾಗಿಲಲ್ಲೇ ಹೇಳಿಬಿಡಿ, ಇದು ಲಕ್ವದ್ದು, ಗಾಬರಿಯಾಗಬೇಡಿ ಅಂತ. ಮತ್ತೆ ಆ ಕೋಣೆ ಬಾಗಿಲು ಹಾಕಬೇಡಿ.

ಮಗನಿಗೆ ಇದು ಸರಿಬರಲಿಲ್ಲ. "ಅಪ್ಪ ಅಳ್ತಿದ್ರೆ ನಾವು ಅಡಿಕೆ ಮಾತಾಡ್ತಾ ಕೂರಬೇಕಾ? ಕಲ್ಲು ಮನಸ್ಸಿನವರು ಅಂತಾರೆ ಜನ." ಈ ಮಾತು ನನಗೆ ಎಲ್ಲ ಮನೆಯಲ್ಲೂ ಬೀಳುತ್ತದೆ. ಆದರೂ ಸಲಹೆ ಬದಲಿಸುವುದಿಲ್ಲ. ಬಿಕ್ಕಳಿಕೆ ಬಂದವನ ಸುತ್ತ ಹತ್ತು ಜನ ನಿಂತು ಮರುಗಿದರೆ ಅವನಿಗೆ ಜಾಸ್ತಿ ನಾಚಿಕೆ ಅಲ್ವಾ? ಆ ನಾಚಿಕೆಗೇ ಅವರು ಜಗಲಿಗೆ ಬರುವುದು ಬಿಟ್ಟದ್ದು. ಜಗಲಿಗೆ ಬಾರದವರು ನಡೆಯುವುದೂ ಬಿಡುತ್ತಾರೆ, ತೊದಲು ಮಾತು ಆಡುವುದೂ ಬಿಡುತ್ತಾರೆ. ಆಮೇಲೆ ಫಿಸಿಯೋಥೆರಪಿ ಒಂದೇ ಏನು ಮಾಡೀತು?

ಒಂದೂವರೆ ತಿಂಗಳ ಮೇಲೆ ಹೆಂಡತಿ ಫೋನ್ ಮಾಡಿದ್ದರು. ಅಳು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಹಿಂದಿನ ದಿನ ಅಡಿಕೆ ವ್ಯಾಪಾರಿ ಬಂದಿದ್ದನಂತೆ. ಇವರು ಜಗಲಿಯಲ್ಲೇ ಕೂತಿದ್ದರು. ಅವನನ್ನು ನೋಡಿದ್ದೇ ಅಳು ಬಂತು. ಅವನು ಎದ್ದು ಹೊರಡುವ ಹಾಗೆ ಮಾಡಿದಾಗ ಎಡಗೈ ಎತ್ತಿ "ತಡಿ" ಅಂದು, ಕಣ್ಣು ಒರೆಸಿಕೊಂಡು, ರೇಟು ಕೇಳಿದರಂತೆ.