ರಾಜೀನಾಮೆಗೆ ಸಹಿ ಹಾಕುವ ಮುನ್ನ ಲೆಕ್ಕ ಹಾಕಿ

ಪ್ರಶ್ನೆ: ದಾವಣಗೆರೆಯ ಗಾರ್ಮೆಂಟ್ಸ್ ಘಟಕವೊಂದರಲ್ಲಿ 7 ವರ್ಷ 8 ತಿಂಗಳಿಂದ ಟೈಲರ್ ಆಗಿದ್ದೇನೆ. ನಡುವೆ ಒಮ್ಮೆ ಹೆರಿಗೆ ರಜೆ ಪಡೆದಿದ್ದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ 2,600 ರೂಪಾಯಿ ಬರುತ್ತಿದೆ. ಆರ್ಡರ್ ಇಲ್ಲವೆಂದು ನಮ್ಮ ಲೈನಿನ ಕೆಲವರನ್ನು ತೆಗೆಯುತ್ತಿದ್ದಾರೆ. ರಾಜೀನಾಮೆ ಬರೆದುಕೊಟ್ಟರೆ ಎಲ್ಲ ಸೇರಿ 30,000 ರೂಪಾಯಿ ಕೊಡುತ್ತಾರಂತೆ. ನನಗೆ ಎಷ್ಟು ಬರಬೇಕು?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಆ ರಾಜೀನಾಮೆಗೆ ಸಹಿ ಹಾಕಬೇಡಿ. ಕೆಲಸ ಕಡಿಮೆಯಾಯಿತೆಂದು ಮಾಲೀಕರೇ ತೆಗೆದರೆ ಕಾನೂನು ಪರಿಹಾರ ಕೊಡಿಸುತ್ತದೆ. ನೀವಾಗಿಯೇ ಬಿಟ್ಟಿರಿ ಎಂದು ಕಾಗದದಲ್ಲಿ ಬಂದರೆ ಆ ಪರಿಹಾರ ಕೈತಪ್ಪುತ್ತದೆ.

2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಳೆಯ ಕಾಯ್ದೆಯ ಅಳತೆಯೇ ಉಳಿದಿದೆ. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಸಿಗಬೇಕು. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಒಂದು ವರ್ಷ. ಹಾಗಾಗಿ ನಿಮ್ಮದು 8 ವರ್ಷ. ಹೆರಿಗೆ ರಜೆಯಿಂದ ಸೇವೆ ತುಂಡಾಗುವುದಿಲ್ಲ, ಕಾನೂನುಬದ್ಧ ಹೆರಿಗೆ ರಜೆ ಕೆಲಸ ಮಾಡಿದ ದಿನಗಳ ಲೆಕ್ಕಕ್ಕೇ ಸೇರುತ್ತದೆ. ಮನೆ ಬಾಡಿಗೆ, ಪ್ರಯಾಣ ಭತ್ಯೆಗಳನ್ನು ಬಿಟ್ಟು 13,000ವನ್ನೇ ವೇತನವೆಂದು ಹಿಡಿಯೋಣ. ಇಲ್ಲಿ 15 ದಿನವೆಂದರೆ ಅರ್ಧ ತಿಂಗಳ ಸಂಬಳ, ಅಂದರೆ 6,500. ಎಂಟು ವರ್ಷಕ್ಕೆ 52,000 ರೂಪಾಯಿ.

300ಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕವಾದರೆ ಒಂದು ತಿಂಗಳು ಮೊದಲೇ ಕಾರಣ ತಿಳಿಸಿ ಲಿಖಿತ ನೋಟಿಸ್ ಕೊಡಬೇಕು, ಇಲ್ಲವೇ ಅದರ ಬದಲಿಗೆ 13,000 ಕೊಡಬೇಕು. ಇನ್ನು ಕೆಲಸ ಕಳೆದುಕೊಂಡವರ ನೆರವಿಗೆಂದು ಹೊಸದಾಗಿ ಬಂದ ಮರುಕೌಶಲ ನಿಧಿಗೆ ಮಾಲೀಕರು ನಿಮ್ಮ 15 ದಿನದ ವೇತನವನ್ನು ಕಟ್ಟಬೇಕು. ಆ 6,500 ರೂಪಾಯಿ 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು.

ಗ್ರ್ಯಾಚುಟಿ, ಅಂದರೆ ದೀರ್ಘ ಸೇವೆಗೆ ಕೆಲಸ ಬಿಡುವಾಗ ಸಿಗುವ ಹಣ, ಇವೆಲ್ಲಕ್ಕಿಂತ ಪ್ರತ್ಯೇಕ. ಅದರಲ್ಲಿ ತಿಂಗಳ ವೇತನವನ್ನು 30ರಿಂದಲ್ಲ, 26ರಿಂದ ಭಾಗಿಸಬೇಕು. ಬಹಳ ಜನ ಎಡವುವುದು ಇಲ್ಲೇ. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500, ಹದಿನೈದು ದಿನಕ್ಕೆ 7,500, ಎಂಟು ವರ್ಷಕ್ಕೆ 60,000 ರೂಪಾಯಿ. ಐದು ವರ್ಷ ದಾಟಿದ್ದರಿಂದ ರಾಜೀನಾಮೆ ಕೊಟ್ಟರೂ ಇದು ನಿಮಗೆ ಸಲ್ಲಲೇಬೇಕು. ಅವರು ತೋರಿಸುತ್ತಿರುವ 30,000 ಅದರ ಅರ್ಧ ಮಾತ್ರ!

ಎಲ್ಲ ಕೂಡಿದರೆ 1,31,500 ರೂಪಾಯಿ. ಇದರಲ್ಲಿ 71,500 ರೂಪಾಯಿ ಒಂದು ಸಹಿಯಿಂದ ಹೋಗುವಂಥದ್ದು. ಬಾಕಿ ಸಂಬಳ, ಉಳಿದ ಗಳಿಕೆ ರಜೆಯ ಹಣ, ಬೋನಸ್ ಇದಕ್ಕೆ ಸೇರಿಲ್ಲ. ಬಾಕಿ ಸಂಬಳವನ್ನು ಕೆಲಸದಿಂದ ತೆಗೆದ ಎರಡು ಕೆಲಸದ ದಿನದೊಳಗೆ ಕೊಡಬೇಕು. ಭವಿಷ್ಯನಿಧಿ ನಿಮ್ಮದೇ ಉಳಿತಾಯ, ಅದನ್ನು ಪರಿಹಾರವೆಂದು ಯಾರಾದರೂ ತೋರಿಸಿದರೆ ಒಪ್ಪಬೇಡಿ.

ಪರಿಹಾರವನ್ನು ಕೆಲಸದಿಂದ ತೆಗೆಯುವ ಹೊತ್ತಿಗೇ ಕೊಡಬೇಕು. ಆಮೇಲೆ ಕಂತಿನಲ್ಲಿ ಕೊಡುತ್ತೇವೆ ಎನ್ನುವುದು ಕಾನೂನಿಗೆ ಒಪ್ಪುವ ಮಾತಲ್ಲ. ಸಾಮಾನ್ಯವಾಗಿ ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ನಿಮಗಿಂತ ಹೊಸಬರು ಉಳಿದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ದುರ್ನಡತೆಯ ಆರೋಪದ ಮೇಲೆ ವಿಚಾರಣೆ ನಡೆಸಿ ತೆಗೆದವರಿಗೆ, ನಿಗದಿತ ಅವಧಿಯ ಕರಾರು ಮುಗಿದವರಿಗೆ ಈ ಕೆಲಸ ಕಡಿತದ ಪರಿಹಾರ ಅನ್ವಯಿಸುವುದಿಲ್ಲ.

ಒತ್ತಾಯಿಸಿದರೆ, "ನಾನು ಕೆಲಸ ಬಿಡುತ್ತಿಲ್ಲ, ರಾಜೀನಾಮೆ ಕೇಳುತ್ತಿದ್ದಾರೆ" ಎಂದು ಅಂದೇ ಬರೆದು ಆಡಳಿತಕ್ಕೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಒಂದು ಪ್ರತಿಯನ್ನು ದಾವಣಗೆರೆಯ ಕಾರ್ಮಿಕ ಅಧಿಕಾರಿಗಳಿಗೂ ಕೊಡಿ. ತೆಗೆದೇ ಬಿಟ್ಟರೆ ಎರಡು ವರ್ಷದೊಳಗೆ ವಿವಾದ ಎತ್ತಬಹುದು, ಆದರೆ ಅಷ್ಟು ದಿನ ಕಾಯಬೇಡಿ. ಸಂಬಳದ ಚೀಟಿಗಳು, ಗುರುತಿನ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಕಾರ್ಮಿಕ ಅಧಿಕಾರಿಗಳ ಮುಂದೆ ನಡೆಯುವ ಸಂಧಾನದ ಹಂತದಲ್ಲಿ ವಕೀಲರ ಅಗತ್ಯವಿಲ್ಲ, ನೀವೇ ಹೋಗಿ ಮಾತನಾಡಬಹುದು. ಜೊತೆಗೆ ತೆಗೆಯಲ್ಪಟ್ಟ ಗೆಳತಿಯರನ್ನೂ ಕರೆದುಕೊಂಡು ಹೋಗಿ.