ಕಾಲುವೆಗಳ ಊರಿನ ನಡುವೆ ತಂಗುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಯ್ಲು ಮುಗಿದು, ಹೂಮಳೆಯೂ ಆಗಿ, ಮುಂಗಾರು ಹಿಡಿಯುವುದರೊಳಗೆ, ಅಂದರೆ ಮೇ ತಿಂಗಳಲ್ಲಿ, ಕುಟುಂಬದವರೆಲ್ಲ ಆಮ್‌ಸ್ಟರ್‌ಡಾಮ್‌ಗೆ ಹೋಗಿಬರಬೇಕೆಂದಿದ್ದೇವೆ. ಊರಿನ ನಟ್ಟನಡುವೆ, ಕಾಲುವೆಯ ದಂಡೆಯಲ್ಲಿರುವ ಹೋಟೆಲಿನಲ್ಲೇ ಇರಬೇಕೆಂಬುದು ಮಕ್ಕಳ ಆಸೆ. ಆದರೆ ಅಲ್ಲಿನ ಬಾಡಿಗೆ ಹೊರವಲಯದ ಹೋಟೆಲುಗಳಿಗಿಂತ ಬಹಳ ಹೆಚ್ಚು. ಮೊಣಕಾಲು ನೋವಿರುವ ನಮ್ಮ ಅತ್ತೆಯವರೂ ಜೊತೆಗೆ ಬರುತ್ತಾರೆ. ಅಷ್ಟು ಹಣ ಕೊಟ್ಟು ನಡುವೆಯೇ ಉಳಿಯುವುದು ಸರಿಯೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಸರಿ. ಆದರೆ ಹೋಟೆಲಿನ ಆಯ್ಕೆಯನ್ನು ಮಕ್ಕಳು ನೋಡಿದ ಚಿತ್ರಗಳಿಗೆ ಬಿಡದೆ, ನಿಮ್ಮ ಅತ್ತೆಯವರ ಮೊಣಕಾಲನ್ನು ಗಮನದಲ್ಲಿಟ್ಟುಕೊಂಡು ಮಾಡಬೇಕು.

ಆ ಊರಿನಲ್ಲಿ ನೋಡಬೇಕಾದದ್ದು ಯಾವುದೋ ಒಂದು ಅರಮನೆಯೋ ಗೋಪುರವೋ ಅಲ್ಲ, ಕಾಲುವೆಗಳೇ. 1613ರಿಂದ ತೋಡುತ್ತಾ ಬಂದ ಹೆರೆನ್‌ಗ್ರಾಹ್ಟ್, ಕೈಸರ್ಸ್‌ಗ್ರಾಹ್ಟ್ ಮತ್ತು ಪ್ರಿನ್ಸೆನ್‌ಗ್ರಾಹ್ಟ್ ಎಂಬ ಮೂರು ಕಾಲುವೆಗಳು ಹಳೆಯ ಊರನ್ನು ಒಂದರ ಹೊರಗೊಂದು ಕಮಾನಿನಂತೆ ಬಳಸಿಕೊಂಡಿವೆ. ಈ ಕಾಲುವೆ ವಲಯವನ್ನು ಯುನೆಸ್ಕೋ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಗಲೆಲ್ಲ ಪ್ರವಾಸಿಗರಿಂದ ಕಿಕ್ಕಿರಿಯುವ ಈ ದಂಡೆಗಳು ಬೆಳಗಿನ ಎಂಟು ಗಂಟೆಯೊಳಗೆ ಮತ್ತು ಸಂಜೆಯ ಊಟದ ಹೊತ್ತಿನ ನಂತರ ಮಾತ್ರ ಊರಿನವರದ್ದಾಗಿರುತ್ತವೆ. ಮೇ ತಿಂಗಳ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆಯಾಗಿರುತ್ತದೆ. ಆ ದೀರ್ಘ ಸಂಜೆಯ ಬೆಳಕಿನಲ್ಲಿ, ಮರಳಿ ಹೋಗುವ ರೈಲಿನ ಚಿಂತೆಯಿಲ್ಲದೆ ಸೇತುವೆಯಿಂದ ಸೇತುವೆಗೆ ನಡೆಯುವ ಅವಕಾಶಕ್ಕಾಗಿಯೇ ಹೆಚ್ಚಿನ ಬಾಡಿಗೆಯನ್ನು ಕೊಡಬೇಕು. ವಯಸ್ಸಾದವರಿಗೆ ಇನ್ನೂ ದೊಡ್ಡ ಅನುಕೂಲವಿದೆ: ದಣಿದಾಗ ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ನಾಲ್ಕು ಗಂಟೆಗೆ ಮತ್ತೆ ಹೊರಡಬಹುದು. ಹೊರವಲಯದಲ್ಲಿ ಉಳಿದವರು ಒಮ್ಮೆ ಹೊರಟರೆ ರಾತ್ರಿಯವರೆಗೆ ಹೊರಗೇ ಇರಬೇಕಾಗುತ್ತದೆ.

ಇನ್ನು ಮೆಟ್ಟಿಲುಗಳ ವಿಷಯ. ನಿಮ್ಮ ಪತ್ರ ಓದಿದಾಗ ನಮಗೆ ಮೊದಲು ಆತಂಕವಾದದ್ದು ಇದರ ಬಗ್ಗೆಯೇ. ಕಾಲುವೆ ಬದಿಯ ಹೋಟೆಲುಗಳಲ್ಲಿ ಅನೇಕವು ಹಳೆಯ ವರ್ತಕರ ಮನೆಗಳು. ಅವು ಅಗಲದಲ್ಲಿ ಕಿರಿದು, ಎತ್ತರದಲ್ಲಿ ಹೆಚ್ಚು, ಹಿಂದಕ್ಕೆ ಉದ್ದ. ಸರಕನ್ನು ಅಟ್ಟಕ್ಕೂ ಪೀಠೋಪಕರಣಗಳನ್ನು ಮೇಲಿನ ಮಹಡಿಗಳಿಗೂ ಹೊರಗಿನಿಂದಲೇ ಹಗ್ಗ ಕಟ್ಟಿ ಎಳೆದುಕೊಳ್ಳುತ್ತಿದ್ದರು; ಅದಕ್ಕಾಗಿ ಮನೆಯ ಮುಂಭಾಗದ ನೆತ್ತಿಯಲ್ಲಿ ಚಾಚಿಕೊಂಡಿರುವ ತೊಲೆ ಮತ್ತು ಕೊಕ್ಕೆಗಳನ್ನು ಇಂದಿಗೂ ನೋಡಬಹುದು. ಒಳಗಿನ ಮೆಟ್ಟಿಲುಗಳು ಮನುಷ್ಯರು ಹತ್ತಿಳಿಯಲು ಸಾಕಾಗುವಷ್ಟೇ ಇರುತ್ತವೆ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹತ್ತುವ ಏಣಿಯಷ್ಟೇ ಕಡಿದು. ಇಂಥ ಕಟ್ಟಡಗಳು ಸಂರಕ್ಷಿತ ಸ್ಮಾರಕಗಳಾಗಿರುವುದರಿಂದ ಗೋಡೆ ಒಡೆದು ಲಿಫ್ಟ್ ಹಾಕುವುದು ಸುಲಭವಲ್ಲ. ಲಿಫ್ಟ್ ಇರುವ ಹೋಟೆಲುಗಳಲ್ಲೂ ಅದು ಕೊನೆಯ ಮಹಡಿಯವರೆಗೆ ಹೋಗದೆ ಇರಬಹುದು, ಅಥವಾ ರಸ್ತೆಯಿಂದ ಏಳೆಂಟು ಮೆಟ್ಟಿಲು ಹತ್ತಿದ ಮೇಲೆಯೇ ಸಿಗಬಹುದು. ಆದ್ದರಿಂದ ಲಿಫ್ಟ್ ಉಂಟೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ರಸ್ತೆಯಿಂದ ಅತ್ತೆಯವರ ಕೋಣೆಯ ಬಾಗಿಲಿನವರೆಗೆ ಒಟ್ಟು ಎಷ್ಟು ಮೆಟ್ಟಿಲುಗಳನ್ನು ಹತ್ತಬೇಕು, ಸ್ನಾನದ ಕೋಣೆಯಲ್ಲಿ ತೊಟ್ಟಿಯ ಅಂಚನ್ನು ದಾಟಬೇಕೇ ಎಂದು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ತೃಪ್ತಿಕರ ಉತ್ತರ ಬಾರದಿದ್ದರೆ ಕಿಟಕಿಯ ನೋಟ ಎಷ್ಟೇ ಚೆಂದವಿದ್ದರೂ ಆ ಹೋಟೆಲನ್ನು ಬಿಡಿ.

ಊರಿನ ನಡುಭಾಗವೆಲ್ಲ ಒಂದೇ ತೆರನಾಗಿಲ್ಲ. ಕೇಂದ್ರ ರೈಲು ನಿಲ್ದಾಣದಿಂದ ಡಾಮ್ ಚೌಕದವರೆಗಿನ ಡಾಮ್‌ರಾಕ್ ರಸ್ತೆ ನಕ್ಷೆಯಲ್ಲಿ ಎಲ್ಲಕ್ಕೂ ಹತ್ತಿರ ಕಂಡರೂ ದಿನವಿಡೀ ನೂಕುನುಗ್ಗಲಿನದು. ಅದರ ಪಕ್ಕದ ಡೆ ವಾಲೆನ್ ಕೆಂಪುದೀಪದ ಪ್ರದೇಶ. ಲೈಡ್ಸೆಪ್ಲೈನ್ ಮತ್ತು ರೆಂಬ್ರಾಂಟ್‌ಪ್ಲೈನ್ ಚೌಕಗಳ ಸುತ್ತ ಬಾರುಗಳ ಗದ್ದಲ ನಡುರಾತ್ರಿ ದಾಟಿದರೂ ನಿಲ್ಲುವುದಿಲ್ಲ. ಕುಟುಂಬದೊಂದಿಗೆ ಹೋಗುವವರಿಗೆ ಈ ನಾಲ್ಕೂ ಬೇಡ. ಪಶ್ಚಿಮಕ್ಕೆ ಪ್ರಿನ್ಸೆನ್‌ಗ್ರಾಹ್ಟ್ ಮತ್ತು ಅದಕ್ಕೆ ತಾಗಿದ ಯೋರ್ಡಾನ್ ಬಡಾವಣೆ, ಇಲ್ಲವೇ ಪೂರ್ವಕ್ಕೆ ಪ್ಲಾಂಟಾಜ್ ಎಂಬ ಮರಗಳ ಬಡಾವಣೆ ನಮ್ಮ ಆಯ್ಕೆ.

ಅವೆರಡರಲ್ಲಿ ಚಿಕ್ಕಮಗಳೂರಿನವರಾದ ನಿಮಗೆ ನಾವು ಪ್ಲಾಂಟಾಜನ್ನೇ ಹೇಳುತ್ತೇವೆ. 1638ರಲ್ಲಿ ಔಷಧಿ ಗಿಡಗಳ ತೋಟವಾಗಿ ಹುಟ್ಟಿದ ಹಾರ್ಟಸ್ ಬೊಟಾನಿಕಸ್ ಸಸ್ಯೋದ್ಯಾನ ಅಲ್ಲಿದೆ. ಬಾಬಾಬುಡನ್‌ಗಿರಿಗೆ ಕಾಫಿ ಬಂದ ಕಥೆಯನ್ನು ನಮ್ಮ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಅದರ ಮುಂದಿನ ಪ್ರಯಾಣ ಈ ತೋಟವನ್ನು ಹಾದುಹೋಗುತ್ತದೆ. ಹದಿನೇಳನೇ ಶತಮಾನದ ಕೊನೆಯ ವರ್ಷಗಳಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾ ದ್ವೀಪಕ್ಕೆ ಕಾಫಿ ಸಸಿಗಳನ್ನು ಒಯ್ದರು. ಅಲ್ಲಿ ಬೆಳೆದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡಾಮಿನ ಈ ತೋಟಕ್ಕೆ ಬಂತು. ಇಲ್ಲಿಂದ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಉಡುಗೊರೆಯಾಗಿ ಹೋದ ಕಾಫಿ ಗಿಡದ ಸಂತತಿ ಮುಂದೆ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳನ್ನು ಸೇರಿತು. ಕಾಫಿ ತೋಟದವರಿಗೆ ಈ ಚಿಕ್ಕ ಉದ್ಯಾನ ದೊಡ್ಡ ವಸ್ತುಸಂಗ್ರಹಾಲಯಗಳಷ್ಟೇ ಮುಖ್ಯವೆಂದು ನಾವು ನಂಬುತ್ತೇವೆ. ಕೋಣೆ ಅದರ ಹತ್ತಿರವಿದ್ದರೆ, ಮಕ್ಕಳು ಊರು ಸುತ್ತುವಾಗ ನಿಮ್ಮ ಅತ್ತೆಯವರು ಅಲ್ಲಿನ ಮರದ ನೆರಳಿನಲ್ಲಿ ನೆಮ್ಮದಿಯಾಗಿ ಕುಳಿತಿರಬಹುದು.

ಓಡಾಟಕ್ಕೆ ತೊಂದರೆಯಿಲ್ಲ. ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ, ಕೇಂದ್ರ ನಿಲ್ದಾಣಕ್ಕೆ ಸುಮಾರು ಕಾಲು ಗಂಟೆಯ ಪಯಣ. ಟ್ರಾಮ್, ಮೆಟ್ರೊ, ರೈಲುಗಳಿಗೆ ಪ್ರತ್ಯೇಕ ಟಿಕೆಟ್ ಬೇಕಿಲ್ಲ. ಸ್ಪರ್ಶರಹಿತ ಪಾವತಿಯ ಬ್ಯಾಂಕ್ ಕಾರ್ಡನ್ನು ಹತ್ತುವಾಗಲೂ ಇಳಿಯುವಾಗಲೂ ಯಂತ್ರಕ್ಕೆ ತೋರಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು. ಪ್ಯಾಕೇಜ್ ಪ್ರವಾಸದಲ್ಲಿ ಹೋಗುವುದಾದರೆ ಒಂದು ವಿಷಯ ತಿಳಿದಿರಲಿ: 2024ರಿಂದ ದೊಡ್ಡ ಪ್ರವಾಸಿ ಬಸ್ಸುಗಳು ಊರಿನ ಒಳವರ್ತುಲಕ್ಕೆ ಬರುವಂತಿಲ್ಲ. ಹೋಟೆಲಿನ ಬಾಗಿಲಿಗೇ ಬಸ್ಸು ಬರುತ್ತದೆಂದು ಏಜೆಂಟರು ಹೇಳಿದರೆ ಹೋಟೆಲಿನ ವಿಳಾಸವನ್ನು ಕೇಳಿ ಪಡೆದು ನಕ್ಷೆಯಲ್ಲಿ ನೋಡಿ.

ಪ್ರಶ್ನೆ: ಕಾಲುವೆಯ ಪಕ್ಕದಲ್ಲೇ ಕೋಣೆ ಹಿಡಿದರೆ ಸೊಳ್ಳೆ, ಕೊಳೆತ ನೀರಿನ ವಾಸನೆ ಇರುವುದಿಲ್ಲವೇ?
— ಓದುಗರೊಬ್ಬರು, ಹಾಸನ

ಉತ್ತರ: ನಾಲೆಯ ನೀರು ನಿಂತರೆ ಏನಾಗುತ್ತದೆಂದು ಕಂಡವರ ಪ್ರಶ್ನೆ ಇದು. ಅಲ್ಲಿ ನೀರನ್ನು ನಿಲ್ಲಲು ಬಿಡುವುದಿಲ್ಲ. ತೂಬುಗಳನ್ನು ಮುಚ್ಚಿ ತೆರೆದು, ಪಕ್ಕದ ಸರೋವರದಿಂದ ಹೊಸ ನೀರನ್ನು ಹಾಯಿಸಿ, ಕಾಲುವೆಯ ನೀರನ್ನು ಆಗಾಗ ಬದಲಿಸುತ್ತಾರೆ. ಹಾಗಾಗಿ ವಾಸನೆಯ ಭಯ ಬೇಡ. ಬೇಸಿಗೆಯಲ್ಲಿ ಸೊಳ್ಳೆ ಇರಬಹುದು, ಕಿಟಕಿಗೆ ಜಾಲರಿ ಇದೆಯೇ ಎಂದು ವಿಚಾರಿಸಿ. ಹಳೆಯ ಕಟ್ಟಡಗಳಲ್ಲಿ ಹವಾನಿಯಂತ್ರಣ ಇಲ್ಲದಿರುವುದು ಸಾಮಾನ್ಯವಾದ್ದರಿಂದ ಕಿಟಕಿ ತೆರೆದೇ ಮಲಗಬೇಕಾಗಬಹುದು. ನಿದ್ದೆ ಹಗುರವಾಗಿರುವವರು ಕಾಲುವೆಯ ಕಡೆಯ ಕೋಣೆಗಿಂತ ಹಿಂಬದಿಯ ಕೈತೋಟದ ಕಡೆಯ ಕೋಣೆಯನ್ನು ಕೇಳುವುದೇ ಮೇಲು. ಬಾಡಿಗೆಯೂ ಹಲವು ಕಡೆ ಕಡಿಮೆ.

ಪ್ರಶ್ನೆ: ಆ್ಯಪ್‌ನಲ್ಲಿ ಕಾಣಿಸುವ ಬಾಡಿಗೆಯೇ ಪೂರ್ತಿ ಮೊತ್ತವೇ? ನಾವು ಸಸ್ಯಾಹಾರಿಗಳು, ಹೋಟೆಲಿನ ಬೆಳಗಿನ ಉಪಾಹಾರಕ್ಕೆ ಹಣ ಕೊಡಬೇಕೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಪೂರ್ತಿ ಎಂದು ಭಾವಿಸಬೇಡಿ. ಆಮ್‌ಸ್ಟರ್‌ಡಾಮ್ ನಗರಾಡಳಿತ 2024ರಿಂದ ಕೋಣೆಯ ಬಾಡಿಗೆಯ ಮೇಲೆ, ಮೌಲ್ಯವರ್ಧಿತ ತೆರಿಗೆಯನ್ನು ಬಿಟ್ಟು, ಶೇ. 12.5ರಷ್ಟು ಪ್ರವಾಸಿ ತೆರಿಗೆ ವಿಧಿಸುತ್ತಿದೆ. 200 ಯೂರೊ ಬಾಡಿಗೆಗೆ ಅದೊಂದೇ 25 ಯೂರೊ ಆಗುತ್ತದೆ, ಕೆಲವು ಹೋಟೆಲುಗಳು ಅದನ್ನು ಅಲ್ಲಿಯೇ ಕಟ್ಟಿಸಿಕೊಳ್ಳುತ್ತವೆ. ವೀಸಾ ಅರ್ಜಿಗೆ ತಂಗುವ ಸ್ಥಳದ ದಾಖಲೆ ಬೇಕಾದ್ದರಿಂದ, ಶುಲ್ಕವಿಲ್ಲದೆ ರದ್ದುಪಡಿಸಬಹುದಾದ ಕೋಣೆಯನ್ನೇ ಮೊದಲು ಕಾದಿರಿಸಿ. ಏಪ್ರಿಲ್ 27ರ ರಾಜನ ಹಬ್ಬದ ಆಸುಪಾಸಿನಲ್ಲಿ, ಟುಲಿಪ್ ಹೂವಿನ ಕಾಲವೂ ಅದೇ ಆಗಿರುವುದರಿಂದ, ಬಾಡಿಗೆ ಏರಿರುತ್ತದೆ.

ಉಪಾಹಾರದಲ್ಲಿ ಬ್ರೆಡ್ಡು, ಚೀಸ್, ಮೊಸರು, ಹಣ್ಣು ಸಿಗುತ್ತವೆ. ಅದಕ್ಕೆ ಹೆಚ್ಚು ಹಣ ಕೊಡುವುದಕ್ಕಿಂತ ಹತ್ತಿರದ ಅಂಗಡಿಯಿಂದ ತಂದುಕೊಳ್ಳುವುದು ಒಳ್ಳೆಯದು. ಬಿಸಿಯೂಟ ಬೇಕೆನಿಸಿದಾಗ ಸುರಿನಾಮಿ ಊಟದ ಮನೆಗಳನ್ನು ಹುಡುಕಿ. 1873ರಿಂದ ಕರಾರು ಕೂಲಿಗಳಾಗಿ ಭಾರತದಿಂದ, ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮಿಗೆ ಹೋದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು, 1975ರಲ್ಲಿ ಆ ದೇಶ ಸ್ವತಂತ್ರವಾದ ಹೊತ್ತಿಗೆ ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದರು. ಅವರ ರೊಟ್ಟಿ ಊಟ ಅಲ್ಲಿ ಮನೆಮಾತು. ಮಾಂಸ, ಮೊಟ್ಟೆ ಎರಡೂ ಬೇಡವೆಂದು ಮೊದಲೇ ಹೇಳಿ. ಮೊಟ್ಟೆಯನ್ನು ತರಕಾರಿಯೊಂದಿಗೆ ಬಡಿಸುವ ರೂಢಿ ಅಲ್ಲಿದೆ.